ಮಲೆನಾಡಿನ ಅಡುಗೆಯಲ್ಲಿ ‘ಹುಳಿ’: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಪದ ಮತ್ತು ಪಾಕ

ಕನ್ನಡದಲ್ಲಿ ‘ಹುಳಿ’ ಎಂಬ ಪದಕ್ಕೆ ಮುಖ್ಯವಾಗಿ ಮೂರು ಅರ್ಥಗಳಿವೆ. ಅದು ನಾಲಗೆಗೆ ತಿಳಿಯುವ ಒಂದು ರುಚಿ. ಆ ರುಚಿಯನ್ನು ಕೊಡುವ ವಸ್ತು. ಆ ವಸ್ತುವನ್ನು ಕೂಡಿಸಿ ಬೇಯಿಸಿ ಅನ್ನದೊಡನೆ ಕಲಸಿಕೊಳ್ಳುವ ಮೇಲೋಗರ. ರುಚಿ, ಸಾಮಗ್ರಿ ಮತ್ತು ಪಾಕ ಎಂಬ ಮೂರು ನೆಲೆಗಳನ್ನು ಒಂದೇ ಪದ ಹೊತ್ತಿರುವುದು ವಿಶೇಷವಾದ ಸಂಗತಿ. ಉಪ್ಪು ರುಚಿಯೂ ಹೌದು, ವಸ್ತುವೂ ಹೌದು; ಆದರೆ ಅದು ಅಡುಗೆಯೊಂದರ ಹೆಸರಲ್ಲ. ಸಿಹಿ ರುಚಿಯೂ ಹೌದು, ತಿನಿಸೂ ಹೌದು. ಆದರೆ ಅದು ಸಾಮಗ್ರಿಯಲ್ಲ. ಹುಳಿಗೆ ಮಾತ್ರ ಈ ಮೂರೂ ದಕ್ಕಿವೆ. ಕನ್ನಡ ಮನೆಯ ಅಡುಗೆಯಲ್ಲಿ ಹುಳಿಗಿರುವ ಸ್ಥಾನವೇನು ಎಂಬುದನ್ನು ಈ ಪದದ ಅರ್ಥವ್ಯಾಪ್ತಿಯೇ ಸೂಚಿಸುತ್ತದೆ.

ಈ ಸ್ಥಾನವನ್ನು ಸ್ಪಷ್ಟವಾಗಿ ಗುರುತಿಸಲು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳು ಅನುಕೂಲವಾದ ಕ್ಷೇತ್ರ. ಇಲ್ಲಿಯ ಗೊಜ್ಜು, ತಂಬುಳಿ, ಸಾಸಿವೆ, ಸಾರು, ಹುಳಿಗಳು ಸರಳವಾದ ಅಡುಗೆಗಳು. ಇವುಗಳಿಗೆ ಬೇಕಾದ ಸಾಮಗ್ರಿ ಕಡಿಮೆ, ಹಿಡಿಯುವ ಸಮಯವೂ ಕಡಿಮೆ. ಆದರೆ ಇವುಗಳ ಹಿಂದೆ ಕಾಡು, ಮಳೆ, ಒಲೆ ಮತ್ತು ಭರಣಿಗಳ ನಡುವಣ ಒಂದು ವ್ಯವಸ್ಥಿತ ತಿಳಿವಳಿಕೆಯಿದೆ. ಆ ತಿಳಿವಳಿಕೆ ಪುಸ್ತಕಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಪದಗಳಲ್ಲಿ ಉಳಿದುಬಂದಿದೆ. ಈ ಸೀಮೆಯಲ್ಲಿ ಹುಳಿ ಎಂಬುದು ಗೊತ್ತಾದ ಒಂದು ಹಣ್ಣಲ್ಲ, ಅಡುಗೆಯೊಳಗಿನ ಒಂದು ಸ್ಥಾನ. ಋತುವಿಗೆ ತಕ್ಕಂತೆ ಬೇರೆ ಬೇರೆ ಹಣ್ಣು, ಕಾಯಿ, ಮಜ್ಜಿಗೆಗಳು ಆ ಸ್ಥಾನವನ್ನು ತುಂಬುತ್ತವೆ. ಈ ಅಂಶವನ್ನು ಪದ ಮತ್ತು ಪಾಕ ಎರಡರ ಆಧಾರದಿಂದಲೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪುಳಿಯಿಂದ ಹುಳಿಗೆ

ಹುಳಿಯ ಹಳಗನ್ನಡ ರೂಪ ‘ಪುಳಿ’. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗಿ ನಡುಗನ್ನಡದ ಹೊತ್ತಿಗೆ ನೆಲೆಗೊಂಡ ಪಕಾರ-ಹಕಾರ ವ್ಯತ್ಯಾಸಕ್ಕೆ ಒಳಗಾಗಿ, ಪಾಲು ಹಾಲಾದಂತೆ, ಪೂವು ಹೂವಾದಂತೆ, ಪುಳಿ ಹುಳಿಯಾಯಿತು. ತುಳು, ಕೊಡವ, ಮಲಯಾಳ, ತಮಿಳು ಭಾಷೆಗಳು ಈ ಬದಲಾವಣೆಗೆ ಒಳಗಾಗಲಿಲ್ಲ. ಆದ್ದರಿಂದ ಘಟ್ಟದ ಮೇಲೆ ಹುಳಿಯಾಗಿರುವುದು ಘಟ್ಟದ ಕೆಳಗೆ ಇಂದಿಗೂ ಪುಳಿಯೇ ಆಗಿದೆ. ಕರಾವಳಿಯ ‘ಪುನರ್ಪುಳಿ’, ಕೊಡಗಿನ ‘ಕಾಚಂಪುಳಿ’, ಕೇರಳದ ‘ಕುಡಂಪುಳಿ’ ಎಂಬ ಮೂರು ಹೆಸರುಗಳಲ್ಲೂ ಉತ್ತರಪದ ಒಂದೇ. ಶೃಂಗೇರಿಯಿಂದ ಕೆರೆಕಟ್ಟೆಯ ಮೂಲಕ ಕಾರ್ಕಳಕ್ಕೂ, ಆಗುಂಬೆ ಘಾಟಿಯ ಮೂಲಕ ಉಡುಪಿಗೂ ದಾರಿಯಿದೆ. ಈ ದಾರಿಗಳಲ್ಲಿ ಜನ ಮತ್ತು ಸರಕಿನೊಡನೆ ಪದಗಳೂ ಸಂಚರಿಸಿವೆ. ಮಲೆನಾಡಿನ ಮಾತಿನಲ್ಲಿ ‘ಮುರುಗಲು’ ಎಂಬ ಹೆಸರಿನ ಜೊತೆಯಲ್ಲಿಯೇ ‘ಪುನರ್ಪುಳಿ’ಯೂ ಕೇಳಿಬರಲು ಈ ಸಂಪರ್ಕ ಕಾರಣ. ಹುಳಿ ಎನ್ನುವ ನಾಲಗೆ ಪುನರ್ಪುಳಿಯ ಪಕಾರವನ್ನು ಹಾಗೆಯೇ ಉಳಿಸಿಕೊಂಡಿರುವುದು ಆ ಪದ ಹೊರಗಿನಿಂದ ಬಂದುದೆಂಬುದಕ್ಕೆ ಸಾಕ್ಷಿ.

ಇದಕ್ಕಿಂತ ಕುತೂಹಲಕರವಾದ ಪದ ‘ತಂಬುಳಿ’. ಇದು ‘ತಣ್’ ಮತ್ತು ‘ಪುಳಿ’ ಎಂಬ ಎರಡು ಪದಗಳ ಸಮಾಸ. ತಣ್ಣನೆಯ ಹುಳಿ ಎಂದು ಅರ್ಥ. ಕಣ್+ಪನಿ ‘ಕಂಬನಿ’ ಆಗುವಂತೆ, ಬೆನ್+ಪತ್ತು ‘ಬೆಂಬತ್ತು’ ಆಗುವಂತೆ, ಇಲ್ಲಿಯೂ ಉತ್ತರಪದದ ಮೊದಲಲ್ಲಿರುವ ಪಕಾರಕ್ಕೆ ಬಕಾರ ಆದೇಶವಾಗಿ ಬಂದಿದೆ. ಕತಪಗಳಿಗೆ ಗದಬಗಳು ಆದೇಶವಾಗುವ ಈ ಕ್ರಮವನ್ನು ಕೇಶಿರಾಜನ ‘ಶಬ್ದಮಣಿದರ್ಪಣ’ (ಸು. 1260) ವಿವರಿಸಿದೆ. ಹಕಾರಕ್ಕೆ ಬಕಾರ ಆದೇಶವಾಗುವುದಿಲ್ಲವಾದ್ದರಿಂದ ತಂಬುಳಿ ಎಂಬ ಸಮಾಸ ಹುಳಿ ಇನ್ನೂ ಪುಳಿಯಾಗಿದ್ದ ಕಾಲದಲ್ಲಿ ಏರ್ಪಟ್ಟಿರಬೇಕೆಂದು ಊಹಿಸಬಹುದು. ಮಜ್ಜಿಗೆಹುಳಿ, ಕಾಯಿಹುಳಿ, ಬೋಳುಹುಳಿ ಮುಂತಾದ ಪದಗಳಲ್ಲಿ ಹಕಾರ ಹಾಗೆಯೇ ನಿಂತಿದೆ; ಅವು ಈಚಿನ ಕಾಲದ ಜೋಡಣೆಗಳೆಂಬಂತೆ ತೋರುತ್ತವೆ. ಇದರಿಂದ ಪಾಕದ ಪ್ರಾಚೀನತೆ ಸಿದ್ಧವಾಗುವುದಿಲ್ಲ ಎಂಬ ಎಚ್ಚರವೂ ಅಗತ್ಯ. ಹೆಸರು ಹಳೆಯದಾಗಿ ಉಳಿದು ಒಳಗಿನ ವಸ್ತು ಬದಲಾಗುವುದು ಅಡುಗೆಯ ಪದಗಳಲ್ಲಿ ಸಾಮಾನ್ಯ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬಂದ ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರೇ ದೊರೆತು ಅದು ‘ಮೆಣಸಿನಕಾಯಿ’ ಆದುದನ್ನೂ, ಮೂಲದ ಮೆಣಸು ‘ಒಳ್ಳೆಮೆಣಸು’, ‘ಕಾಳುಮೆಣಸು’ ಎಂಬ ವಿಶೇಷಣಗಳನ್ನು ಪಡೆಯಬೇಕಾಗಿ ಬಂದುದನ್ನೂ ಇಲ್ಲಿ ನೆನೆಯಬಹುದು.

ಹುಣಸೆಯ ವಿಷಯವೂ ಈ ಸಂದರ್ಭದಲ್ಲಿ ಮುಖ್ಯ. ತಮಿಳು, ಮಲಯಾಳ, ತುಳು ಭಾಷೆಗಳಲ್ಲಿ ‘ಪುಳಿ’ ಎಂದರೆ ರುಚಿಯೊಡನೆ ಹುಣಸೆಯೂ ಹೌದು. ಕನ್ನಡದಲ್ಲಿ ಹುಣಸೆಗೆ ಪ್ರತ್ಯೇಕವಾದ ಹೆಸರಿದೆ. ಅಡುಗೆಮನೆಯಲ್ಲಿ ‘ಸ್ವಲ್ಪ ಹುಳಿ ಹಾಕು’ ಎಂದಾಗ ಬಯಲುಸೀಮೆಯಲ್ಲಿ ಹುಣಸೆಯೇ ಎಂದು ಅರ್ಥವಾಗಬಹುದಾದರೂ, ಪದ ಮಾತ್ರ ಒಂದೇ ಹಣ್ಣಿಗೆ ಕಟ್ಟುಬಿದ್ದಿಲ್ಲ. ಮಲೆನಾಡಿನಲ್ಲಿ ಅದೇ ಮಾತು ಕೇಳಿದವರು ಯಾವ ಹುಳಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಆ ಪ್ರಶ್ನೆಗೆ ಇರುವ ಉತ್ತರಗಳ ಸಂಖ್ಯೆಯೇ ಈ ಸೀಮೆಯ ಅಡುಗೆಯ ಸಂಪತ್ತು.

ನೆಲ, ಮಳೆ ಮತ್ತು ಹುಳಿಯ ಋತುಮಾನ

ಘಟ್ಟದ ಅಂಚಿನ ಶೃಂಗೇರಿಯಿಂದ ಪೂರ್ವಕ್ಕೆ, ಹಿಂದೆ ಎಡೆಹಳ್ಳಿ ಎಂದು ಕರೆಯಲಾಗುತ್ತಿದ್ದ ನರಸಿಂಹರಾಜಪುರದ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಶೃಂಗೇರಿ, ಹರಿಹರಪುರಗಳು ತುಂಗೆಯ ದಡದಲ್ಲಿವೆ. ಬಾಳೆಹೊನ್ನೂರು ಭದ್ರೆಯ ದಡದಲ್ಲಿದೆ. ಅಡಿಕೆ, ಭತ್ತ, ಕಾಳುಮೆಣಸು, ಏಲಕ್ಕಿ, ಕಾಫಿ ಇಲ್ಲಿಯ ಬೆಳೆಗಳು. ಹುಣಸೆ ಈ ನೆಲದ ಮರವಲ್ಲ. ಚೆನ್ನಾಗಿ ಕಾಯಿ ಕಟ್ಟಲು ಅದಕ್ಕೆ ದೀರ್ಘವಾದ ಒಣಹವೆ ಬೇಕು. ಜೂನ್‌ನಿಂದ ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ಅದು ಸೊರಗುತ್ತದೆ. ಹೀಗಾಗಿ ಹುಣಸೆಹಣ್ಣು ಬಯಲುಸೀಮೆಯಿಂದ ಸಂತೆಗೆ ಬರಬೇಕಾದ ಸರಕಾಗಿತ್ತು. ಕೊಂಡು ತರಬೇಕಾದುದನ್ನು ಮಿತವಾಗಿ ಬಳಸಿ, ಕಾಡು ಮತ್ತು ಹಿತ್ತಿಲು ಕೊಡುವುದನ್ನು ಮುಖ್ಯವಾಗಿ ಬಳಸುವ ಪದ್ಧತಿ ಸಹಜವಾಗಿಯೇ ಬೆಳೆಯಿತು.

ಈ ಪದ್ಧತಿಗೆ ಒಂದು ಋತುಚಕ್ರವಿದೆ. ಮಾವು ಮಿಡಿಗಟ್ಟುವ ಕಾಲದಲ್ಲಿ ಮಿಡಿ ಉಪ್ಪಿಗೆ ಬೀಳುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮುರುಗಲು ಹಣ್ಣಾಗುತ್ತದೆ. ಮಳೆಗೆ ಮುನ್ನ ಅದರ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಲು ಅವಕಾಶವಿರುತ್ತದೆ. ಹಲಸಿನ ಕುಲಕ್ಕೆ ಸೇರಿದ ವಾಟೆಯ ಹಣ್ಣನ್ನು ಬೇಸಿಗೆಯಲ್ಲಿ ಕೊಯ್ದು, ಹೋಳು ಮಾಡಿ ಒಣಗಿಸಿ ಇಡುತ್ತಾರೆ. ಕೆಲವೆಡೆ ಪುಡಿ ಮಾಡುವುದೂ ಉಂಟು. ಮಳೆ ಹಿಡಿದ ಮೇಲೆ ಜೂನ್‌ನಿಂದ ಆಗಸ್ಟ್‌ವರೆಗೆ ಉಪ್ಪಾಗೆಯ ಸರದಿ. ಮಳೆಗಾಲದಲ್ಲಿಯೇ ಅಮಟೆಕಾಯಿ ಎಳೆಯದಾಗಿ ದೊರೆಯುತ್ತದೆ. ಚಳಿಗಾಲದಲ್ಲಿ ನೆಲ್ಲಿ ಬರುತ್ತದೆ. ಹೇರಳೆ, ಕಂಚಿ, ನಿಂಬೆಗಳು ಹಿತ್ತಿಲಲ್ಲಿವೆ. ಮಜ್ಜಿಗೆ ವರ್ಷವಿಡೀ ಇರುತ್ತದೆ. ಒಂದು ಮನೆಯಲ್ಲಿ ಯಾವ ತಿಂಗಳು ಯಾವ ಹುಳಿ ಎಂಬುದನ್ನು ಕೇಳಿ ಬರೆದುಕೊಂಡರೆ ಆ ಮನೆಯ ಸುತ್ತಲಿನ ನೆಲದ ಸ್ಥೂಲ ಚಿತ್ರವೇ ಸಿದ್ಧವಾಗುತ್ತದೆ.

ಹೆಸರುಗಳ ವಿಷಯದಲ್ಲಿ ಸಂಶೋಧಕರು ಎಚ್ಚರ ವಹಿಸಬೇಕಾದ ಕಡೆಗಳೂ ಇವೆ. ‘ವಾಟೆ’ ಎಂಬುದು ಅಡುಗೆಮನೆಯಲ್ಲಿ ಹುಳಿಯ ಹೆಸರು. ಕಾಡಿನ ಮಾತಿನಲ್ಲಿ ಅದೇ ಪದ ಬಿದಿರಿನ ಜಾತಿಯ ಒಂದು ಸಸ್ಯಕ್ಕೆ ಸಲ್ಲುತ್ತದೆ. ಮಾವಿನ ಗೊರಟನ್ನೂ ವಾಟೆ ಎನ್ನುವುದುಂಟು. ಪದವನ್ನು ಮಾತ್ರ ಸಂಗ್ರಹಿಸಿ ಬಳಕೆಯ ಸಂದರ್ಭವನ್ನು ಬಿಟ್ಟರೆ ಈ ಮೂರು ಒಂದರಲ್ಲೊಂದು ಬೆರೆತುಹೋಗುತ್ತವೆ.

ಕಾಪಿಡುವ ಕ್ರಮಗಳು

ಹುಳಿಯನ್ನು ವರ್ಷದುದ್ದಕ್ಕೂ ಕಾಪಿಡಲು ಮುಖ್ಯವಾಗಿ ಮೂರು ಕ್ರಮಗಳಿವೆ: ಒಣಗಿಸುವುದು, ಉಪ್ಪಿನಲ್ಲಿಡುವುದು ಮತ್ತು ರಸವನ್ನು ಕುದಿಸಿ ಗಟ್ಟಿ ಮಾಡುವುದು.

ಒಣಗಿಸುವ ಕ್ರಮಕ್ಕೆ ಉಪ್ಪಾಗೆ ಒಳ್ಳೆಯ ನಿದರ್ಶನ. ಗಾರ್ಸಿನಿಯಾ ಕುಲದ ಈ ಮರದ ಹಣ್ಣು ಸಣ್ಣ ಕುಂಬಳದಂತೆ ಏಣುಗಳುಳ್ಳದ್ದು. ಹಣ್ಣಾದಾಗ ಹಳದಿ ಬಣ್ಣಕ್ಕೆ ತಿರುಗುತ್ತದೆ. ಅದು ಹಣ್ಣಾಗುವ ಕಾಲದಲ್ಲಿ ಬಿಸಿಲು ಇರುವುದಿಲ್ಲ. ಆದ್ದರಿಂದ ಬೀಜ ತೆಗೆದ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಬೆಂಕಿಯ ಕಾವು ಮತ್ತು ಹೊಗೆಗೆ ಒಡ್ಡಿ ಒಣಗಿಸಬೇಕಾಗುತ್ತದೆ. ಒಣಗಿದ ಸಿಪ್ಪೆ ಕಪ್ಪಾಗುತ್ತದೆ. ಹೊಗೆಯ ವಾಸನೆ ಅದರಲ್ಲಿ ನಿಲ್ಲುತ್ತದೆ. ಮುರುಗಲು ಹಣ್ಣಾಗುವುದು ಬೇಸಿಗೆಯ ಕೊನೆಯಲ್ಲಾದ್ದರಿಂದ ಅದು ಬಿಸಿಲಿನಲ್ಲಿ ಒಣಗುತ್ತದೆ. ಅದರ ಕೆಂಪು ಬಣ್ಣ ಸಾರಿನಲ್ಲಿಯೂ ಪಾನಕದಲ್ಲಿಯೂ ಇಳಿಯುತ್ತದೆ. ಒಂದೇ ಕುಲದ ಎರಡು ಮರಗಳ ಹುಳಿ ಅಡುಗೆಯಲ್ಲಿ ಬೇರೆ ಬೇರೆ ದಾರಿ ಹಿಡಿಯಲು ಹಣ್ಣಾಗುವ ಕಾಲದ ಈ ಅಂತರವೂ ಒಂದು ಕಾರಣ. ಇವೆರಡರ ಬೀಜದಿಂದ ತೆಗೆಯುವ ಗಟ್ಟಿ ಜಿಡ್ಡಿಗೆ ಮಲೆನಾಡಿನ ಹಲವೆಡೆ ‘ತುಪ್ಪ’ ಎಂದೇ ಹೆಸರು.

ಉಪ್ಪಿನಲ್ಲಿಡುವ ಕ್ರಮದಲ್ಲಿ ಮಾವಿನ ಮಿಡಿ, ಬೆಳೆದ ಮಾವಿನಕಾಯಿ, ಹಲಸಿನ ತೊಳೆಗಳು ಸೇರುತ್ತವೆ. ಗಟ್ಟಿಯಾದ ಉಪ್ಪುನೀರಿನಲ್ಲಿ ಬಹುಪಾಲು ಸೂಕ್ಷ್ಮಜೀವಿಗಳು ಬದುಕಲಾರವು. ಉಪ್ಪನ್ನು ತಾಳಿಕೊಂಡು ಉಳಿಯುವ ಕೆಲವು ಲ್ಯಾಕ್ಟಿಕ್ ಆಮ್ಲವನ್ನು ಉತ್ಪತ್ತಿ ಮಾಡುತ್ತವೆ. ಮಳೆಗಾಲದಲ್ಲಿ ತರಕಾರಿ ಇಲ್ಲದ ದಿನ ಭರಣಿಯಿಂದ ತೆಗೆದ ಒಂದು ಉಪ್ಪುನೀರಿನ ಮಾವಿನಕಾಯಿ, ಹಸಿಮೆಣಸು, ಕೊಬ್ಬರಿಎಣ್ಣೆಯ ಒಗ್ಗರಣೆ ಇಷ್ಟರಿಂದಲೇ ಗೊಜ್ಜು ಸಿದ್ಧವಾಗುತ್ತದೆ. ಬೇರೆ ಉಪ್ಪು ಹಾಕುವ ಅಗತ್ಯವೂ ಬರುವುದಿಲ್ಲ.

ರಸವನ್ನು ಕುದಿಸಿ ಗಟ್ಟಿ ಮಾಡುವ ಕ್ರಮಕ್ಕೆ ಪ್ರಸಿದ್ಧ ನಿದರ್ಶನ ಕೊಡಗಿನ ಕಾಚಂಪುಳಿ. ಉಪ್ಪಾಗೆಯ ಅದೇ ಹಣ್ಣನ್ನು ಬುಟ್ಟಿಯಲ್ಲಿ ತುಂಬಿ, ಅದು ಮೆತ್ತಗಾಗಿ ಒಸರುವ ರಸವನ್ನು ಹಿಡಿದು, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಕೆಲವೇ ಹನಿ ಸಾಕಾಗುವ ಈ ಹುಳಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹೇರಳೆ, ನಿಂಬೆ, ಕಂಚಿಗಳ ರಸವನ್ನು ಉಪ್ಪಿನೊಡನೆ ಕುದಿಸಿ ಗಟ್ಟಿ ಮಾಡಿ ಇಡುವ ಪದ್ಧತಿ ಮಲೆನಾಡಿನ ಮನೆಗಳಲ್ಲಿಯೂ ಇದೆ.

ಕಾಚಂಪುಳಿಯನ್ನು ಇಂಗ್ಲಿಷಿನಲ್ಲಿ ಕೊಡಗಿನ ವಿನೆಗರ್ ಎಂದು ಕರೆಯುವ ರೂಢಿಯಿದೆ. ವಿನೆಗರ್‌ಗೆ ಕನ್ನಡದಲ್ಲಿ ‘ಶಿರ್ಕ’ ಎಂಬ ಪರ್ಷಿಯನ್ ಮೂಲದ ಹೆಸರೂ ಇದೆ. ಶಾಸ್ತ್ರೀಯವಾಗಿ ನೋಡಿದರೆ ಈ ಎರಡು ವಸ್ತುಗಳು ಬೇರೆ. ಕಳ್ಳು, ದ್ರಾಕ್ಷಾರಸ ಮುಂತಾದ ಮದ್ಯಗಳು ಗಾಳಿಯಲ್ಲಿ ಮತ್ತೆ ಹುಳಿತು ಅಸಿಟಿಕ್ ಆಮ್ಲವಾದಾಗ ವಿನೆಗರ್ ಸಿದ್ಧವಾಗುತ್ತದೆ. ಉಪ್ಪಾಗೆ, ಮುರುಗಲುಗಳ ಹುಳಿ ಹಣ್ಣಿನಲ್ಲಿಯೇ ಇರುವಂಥದು. ಉಪ್ಪಾಗೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬುದನ್ನು ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದರು. ಹುಣಸೆಯಲ್ಲಿ ಟಾರ್ಟಾರಿಕ್, ನಿಂಬೆಯಲ್ಲಿ ಸಿಟ್ರಿಕ್, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲಗಳು ಪ್ರಧಾನ.

ಈ ಭೇದ ಅಡುಗೆಯಲ್ಲಿ ನೇರವಾಗಿ ಕಾಣುತ್ತದೆ. ಅಸಿಟಿಕ್ ಆಮ್ಲ ಆವಿಯಾಗುವ ಗುಣವುಳ್ಳದ್ದರಿಂದ ವಿನೆಗರ್‌ನ ಹುಳಿ ಮೊದಲು ಮೂಗಿಗೆ ತಾಗುತ್ತದೆ, ಕುದಿಸಿದರೆ ಸ್ವಲ್ಪ ಹಾರಿಹೋಗುತ್ತದೆ. ಹುಣಸೆ, ಉಪ್ಪಾಗೆಗಳ ಹುಳಿ ಎಷ್ಟು ಕುದಿಸಿದರೂ ಪಾತ್ರೆಯಲ್ಲಿಯೇ ಉಳಿಯುತ್ತದೆ. ಮಜ್ಜಿಗೆಯನ್ನು ಹಾಗೆಯೇ ಕುದಿಸಿದರೆ ಒಡೆಯುತ್ತದೆ. ಯಾವ ಹುಳಿಯನ್ನು ಒಲೆಯ ಮೇಲೆ ಹಾಕಬೇಕು, ಯಾವುದನ್ನು ಇಳಿಸಿದ ಮೇಲೆ ಹಾಕಬೇಕು ಎಂಬ ಮನೆಯ ನಿಯಮಗಳಿಗೆ ಇದೇ ಆಧಾರ. ಕನ್ನಡದ ‘ಹುಳಿ’ ಈ ಎಲ್ಲವನ್ನೂ ಒಳಗೊಳ್ಳುವ ಪದ. ಹಣ್ಣಿನ ಹುಳಿಯೂ ಹುಳಿ. ಹಿಟ್ಟು ಹುದುಗಿದರೂ ‘ಹುಳಿ ಬಂತು’ ಎನ್ನುತ್ತಾರೆ. ಹಳಸುವಿಕೆಯ ಮೊದಲ ಹಂತವೂ ‘ಹುಳಿ’ಯೇ. ಹದವಾದ ಹುಳಿಗೂ ಕೆಟ್ಟ ಹುಳಿಗೂ ನಡುವಣ ಗೆರೆಯನ್ನು ಪದ ಗುರುತಿಸುವುದಿಲ್ಲ; ಅದನ್ನು ಕೈ ಮತ್ತು ಮೂಗು ಗುರುತಿಸಬೇಕು.

ಸರಳ ಪಾಕಗಳ ವ್ಯಾಕರಣ

ಈ ಸೀಮೆಯ ಹುಳಿಯ ಅಡುಗೆಗಳನ್ನು ಒಲೆಗೂ ಹುಳಿಗೂ ಇರುವ ಸಂಬಂಧದ ಆಧಾರದಿಂದ ವರ್ಗೀಕರಿಸಬಹುದು.

ಮೊದಲನೆಯದು ಕುದಿಸದ ವರ್ಗ. ತಂಬುಳಿ ಇದರಲ್ಲಿ ಮುಖ್ಯ. ಒಂದು ಹಿಡಿ ಒಂದೆಲಗದ ಎಲೆ, ಅರ್ಧ ಬಟ್ಟಲು ತೆಂಗಿನತುರಿ, ತುಪ್ಪದಲ್ಲಿ ಹುರಿದ ಒಂದು ಚಮಚ ಜೀರಿಗೆ ಮತ್ತು ನಾಲ್ಕೈದು ಕಾಳುಮೆಣಸನ್ನು ನುಣ್ಣಗೆ ರುಬ್ಬಿ, ಎರಡು ಬಟ್ಟಲು ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಇಬ್ಬರು ಮೂವರಿಗೆ ಸಾಕಾಗುವ ತಂಬುಳಿ ಸಿದ್ಧ. ಒಂದೆಲಗದ ಸ್ಥಾನದಲ್ಲಿ ದೊಡ್ಡಪತ್ರೆ, ಶುಂಠಿ, ಮೆಂತ್ಯ, ನೆಲ್ಲಿ, ದಾಳಿಂಬೆ ಸಿಪ್ಪೆ, ಬೇಲಿಯ ಎಳೆ ಕುಡಿಗಳು ಬರುತ್ತವೆ. ಖಾರ ಕಡಿಮೆ, ಹುಳಿ ಸೌಮ್ಯ. ಹೆಸರಿನಲ್ಲಿರುವ ‘ತಣ್’ ಎಂಬುದು ಮುಟ್ಟಿದಾಗಿನ ತಂಪನ್ನೂ ದೇಹಕ್ಕೆ ತಂಪೆಂಬ ನಂಬಿಕೆಯನ್ನೂ ಒಟ್ಟಿಗೆ ಹೇಳುತ್ತದೆ. ‘ಸಾಸಿವೆ’ ಎಂಬ ಪಾಕವೂ ಇದೇ ವರ್ಗದ್ದು. ಹಸಿ ಸಾಸಿವೆಯನ್ನು ತೆಂಗಿನಕಾಯಿಯೊಡನೆ ರುಬ್ಬಿ, ಮಾವಿನಹಣ್ಣಿನಂಥ ಹುಳಿಸಿಹಿಯ ಹಣ್ಣಿಗೆ ಅಥವಾ ಬೇಯಿಸಿದ ತರಕಾರಿ ಮತ್ತು ಮೊಸರಿಗೆ ಬೆರೆಸುತ್ತಾರೆ. ಇಲ್ಲಿ ಸಾಮಗ್ರಿಯ ಹೆಸರೇ ಪಾಕದ ಹೆಸರಾಗಿದೆ.

ಎರಡನೆಯದು ಗೊಜ್ಜಿನ ವರ್ಗ. ಹುಳಿ, ಬೆಲ್ಲ, ಉಪ್ಪು, ಖಾರ ಈ ನಾಲ್ಕೂ ಗೊಜ್ಜಿನಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಸುಟ್ಟ ಬದನೆಕಾಯಿಯ ಗೊಜ್ಜಿನಲ್ಲಿ ಹುಳಿ ಕುದಿಯುವುದಿಲ್ಲ. ಹಾಗಲಕಾಯಿ, ಅಮಟೆಕಾಯಿಗಳ ಗೊಜ್ಜಿನಲ್ಲಿ ಚೆನ್ನಾಗಿ ಕುದಿಯುತ್ತದೆ. ಹಾಗಲದ ಕಹಿಯನ್ನು ಹುಳಿ ಮತ್ತು ಬೆಲ್ಲ ಸೇರಿ ಹದಕ್ಕೆ ತರುತ್ತವೆ. ಅಮಟೆಗೆ ಬೇರೆ ಹುಳಿ ಬೇಡ. ಅಲ್ಲಿ ತರಕಾರಿಯೂ ಹುಳಿಯೂ ಒಂದೇ. ಅಳತೆಯ ಮಾತುಗಳೂ ಗಮನಾರ್ಹ: ‘ನೆಲ್ಲಿಕಾಯಿ ಗಾತ್ರದ ಹುಣಸೆ’, ‘ಅಡಿಕೆ ಗಾತ್ರದ ಬೆಲ್ಲ’. ಒಂದು ಹುಳಿಯನ್ನು ಇನ್ನೊಂದು ಹುಳಿಯಿಂದ, ಸಿಹಿಯನ್ನು ತೋಟದ ಫಸಲಿನಿಂದ ಅಳೆಯುವ ಮಾತು ಇದು.

ಮೂರನೆಯದು ಹುಳಿಯನ್ನು ಬೇಯಿಸಿ ಹರಡುವ ವರ್ಗ: ಸಾರು, ಹುಳಿ, ಮಜ್ಜಿಗೆಹುಳಿ. ಸಾರು ಎಂದರೆ ಮೂಲತಃ ರಸ. ಮುರುಗಲಿನ ಸಾರಿಗೆ ಬೇಳೆ ಬೇಕಿಲ್ಲ. ನೆನೆಸಿದ ಸಿಪ್ಪೆಯ ನೀರು, ಬೆಲ್ಲ, ಉಪ್ಪು, ಮೆಣಸು, ಒಗ್ಗರಣೆ ಸಾಕು. ಹುಳಿಯಲ್ಲಿ ಬೇಳೆ, ತರಕಾರಿ, ರುಬ್ಬಿದ ಕಾಯಿಯ ಮಸಾಲೆಗಳು ಸೇರುತ್ತವೆ. ತರಕಾರಿ ಬೆಂದ ಮೇಲೆಯೇ ಹುಳಿ ಹಾಕಬೇಕೆಂಬುದು ಎಲ್ಲ ಮನೆಗಳ ನಿಯಮ. ಆಮ್ಲದಲ್ಲಿ ತರಕಾರಿಯೂ ಬೇಳೆಯೂ ಬೇಗ ಮೆತ್ತಗಾಗುವುದಿಲ್ಲ. ಮಜ್ಜಿಗೆಹುಳಿಗೆ ಅಕ್ಕಿ ಅಥವಾ ಕಡಲೆಬೇಳೆಯನ್ನು ಕಾಯಿಯೊಡನೆ ರುಬ್ಬಿ ಹಾಕುವುದು ಮಜ್ಜಿಗೆ ಒಡೆಯದಿರಲಿ ಎಂದು. ಹುಳಿಗೆ ಕಲ್ಲಿನ ಮರಿಗೆ ಅಥವಾ ಮಣ್ಣಿನ ಪಾತ್ರೆ ಒಳ್ಳೆಯದೆಂಬ, ಹಿತ್ತಾಳೆಯಾದರೆ ಕಲಾಯಿ ಇರಲೇಬೇಕೆಂಬ ಮಾತಿನ ಹಿಂದೆಯೂ ಆಮ್ಲ ಮತ್ತು ಲೋಹಗಳ ಸಂಬಂಧದ ಅರಿವು ಇದೆ.

ಒಂದು ಮರ, ಹಲವು ಅಡುಗೆಮನೆಗಳು

ಶೃಂಗೇರಿಯ ಶಾರದಾಪೀಠ, ಹರಿಹರಪುರದ ಮಠ, ಬಾಳೆಹೊನ್ನೂರಿನ ರಂಭಾಪುರಿ ಪೀಠ, ನರಸಿಂಹರಾಜಪುರದ ಸಿಂಹನಗದ್ದೆಯ ಜೈನ ಕ್ಷೇತ್ರ ಇವೆಲ್ಲ ಹತ್ತಿರ ಹತ್ತಿರದಲ್ಲಿರುವ ಸೀಮೆಯಿದು. ಇವುಗಳಿಗೆ ಸೇರಿದ ಸಸ್ಯಾಹಾರಿ ಸಂಪ್ರದಾಯಗಳ ತತ್ತ್ವ, ಆಚಾರಗಳು ಬೇರೆ ಬೇರೆ. ಈರುಳ್ಳಿ, ಬೆಳ್ಳುಳ್ಳಿಗಳಿಲ್ಲದ ಅಡುಗೆಯಲ್ಲಿ ರುಚಿಯ ಭಾರವನ್ನು ಹೊರಬೇಕಾದವು ಹುಳಿ, ತೆಂಗು, ಸಾಸಿವೆ, ಇಂಗು ಮತ್ತು ಮೆಣಸು. ಗೊಜ್ಜು ತಂಬುಳಿಗಳ ವೈವಿಧ್ಯಕ್ಕೆ ಇದೂ ಒಂದು ಹಿನ್ನೆಲೆ.

ಆದರೆ ಮಲೆನಾಡಿನ ಹುಳಿಯನ್ನು ಸಸ್ಯಾಹಾರಕ್ಕೆ ಮಾತ್ರ ಸೀಮಿತಗೊಳಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಮಳೆಗಾಲದಲ್ಲಿ ಹೊಳೆಯಿಂದ ಗದ್ದೆಗೆ ಏರಿಬರುವ ಮೀನು, ಹಳ್ಳದ ಏಡಿ ಇವುಗಳ ಸಾರಿಗೆ ಗೌಡರ ಮನೆಗಳಲ್ಲಿಯೂ ಇತರ ಮಾಂಸಾಹಾರಿ ಸಮುದಾಯಗಳಲ್ಲಿಯೂ ಹುಳಿ ಅನಿವಾರ್ಯ. ಮೀನಿನ ವಾಸನೆಗೆ ಕಾರಣವಾದ ಅಮೀನುಗಳನ್ನು ಆಮ್ಲ ಹಿಡಿದಿಡುವುದರಿಂದ ಅವು ಆವಿಯಾಗುವುದು ಕಡಿಮೆಯಾಗುತ್ತದೆ. ಮೀನು ಏರುವ ಕಾಲವೂ ಉಪ್ಪಾಗೆ ಹಣ್ಣಾಗುವ ಕಾಲವೂ ಒಂದೇ ಮಳೆಯವು. 20ನೆಯ ಶತಮಾನದಲ್ಲಿ ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿದ ಮಲಯಾಳಿ ಕುಟುಂಬಗಳು ಮೀನಿನ ಸಾರಿಗೆ ಬಳಸುವ ಕುಡಂಪುಳಿ ಇದೇ ಉಪ್ಪಾಗೆಯ ಸಿಪ್ಪೆ. ಕರಾವಳಿಯ ಕ್ರೈಸ್ತ ಪದ್ಧತಿಯ ಮಾಂಸದ ಅಡುಗೆಗಳಲ್ಲಿ ನಿಜವಾದ ವಿನೆಗರ್ ಬಳಕೆಯಾಗುತ್ತದೆ. ಅದರ ಮೂಲ ಗೋವೆಯ ಪೋರ್ಚುಗೀಸ್ ಸಂಪರ್ಕದಲ್ಲಿದೆ. ಹೀಗೆ ಒಂದೇ ಸಂತೆಯಲ್ಲಿ ಒಂದೇ ಮರದ ಸಿಪ್ಪೆ ಎರಡು ಹೆಸರುಗಳಲ್ಲಿ ಮಾರಾಟವಾಗಬಲ್ಲದು. ಜಾತಿ, ಮತ, ಭಾಷೆಗಳ ಗಡಿಗಳು ಊಟದ ಎಲೆಯ ಮೇಲೆ ಬಿಗಿಯಾಗಿದ್ದರೂ ಹುಳಿಯ ಮರದ ಬುಡದಲ್ಲಿ ಸಡಿಲವಾಗುತ್ತವೆ.

ಗ್ರಂಥಗಳು ಮತ್ತು ಮನೆಗಳು

ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆಗೆ ದೀರ್ಘ ಪರಂಪರೆಯಿದೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಸು. 1025) ಅಡುಗೆಯ ವಿಷಯಕ್ಕೆ ಸ್ಥಾನ ದೊರೆತಿದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ (ಸು. 1508) ಅಡುಗೆಯನ್ನೇ ವಸ್ತುವಾಗಿ ಉಳ್ಳ ವಾರ್ಧಕಷಟ್ಪದಿಯ ಕೃತಿ. ಸಂಸ್ಕೃತದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮತ್ತು ಮಲೆನಾಡಿನವನೇ ಆದ ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ ರಾಜಭೋಗದ ಅಂಗವಾಗಿ ಅನ್ನಪಾನಗಳನ್ನು ನಿರೂಪಿಸುತ್ತವೆ. ಈ ಕೃತಿಗಳ ಮಹತ್ತ್ವ ನಿರ್ವಿವಾದ. ಆದರೆ ಅರಸರೂ ವಿದ್ವಾಂಸರೂ ಬರೆದ ಈ ಗ್ರಂಥಗಳ ಉದ್ದೇಶವೇ ಬೇರೆ. ಮಳೆಗಾಲದ ಒಂದು ದಿನ ತರಕಾರಿ ಇಲ್ಲದ ಮನೆಯಲ್ಲಿ ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದುದು ಮನೆಗಳಲ್ಲಿ. ಅಲ್ಲಿ ಈ ವಿದ್ಯೆ ಬಹುಮಟ್ಟಿಗೆ ಹೆಂಗಸರ ಬಾಯಿಮಾತಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿದೆ. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗಳು ಮಲೆನಾಡಿನ ಮನೆಬದುಕಿನ ಪದಗಳಿಗೆ ಸಾಹಿತ್ಯದಲ್ಲಿ ಸ್ಥಾನ ಕೊಟ್ಟವು. ಅಡುಗೆಯ ಪದಗಳ ದೃಷ್ಟಿಯಿಂದ ಅವುಗಳನ್ನು ಮತ್ತೆ ಓದುವ ಕೆಲಸಕ್ಕೆ ಅವಕಾಶವಿದೆ.

ಬದಲಾವಣೆಯ ಎರಡು ಮುಖಗಳು

ಈ ವ್ಯವಸ್ಥೆ ಎರಡು ಕಡೆಗಳಿಂದ ಸಡಿಲಗೊಳ್ಳುತ್ತಿದೆ. ಮೊದಲನೆಯದು ಪದದ ಕಡೆಯಿಂದ. ಹುಳಿ ಎಂಬ ಮೇಲೋಗರಕ್ಕೆ ಹೋಟೆಲಿನ ಮತ್ತು ಪೇಟೆಯ ಭಾಷೆಯಲ್ಲಿ ‘ಸಾಂಬಾರ್’ ಎಂಬ ಹೆಸರು ವ್ಯಾಪಕವಾಗಿದೆ. ಹೆಸರು ಬದಲಾದುದರಿಂದ ರುಚಿ ಬದಲಾಗಬೇಕಿಲ್ಲ ಎನಿಸಬಹುದು. ಆದರೆ ‘ಹುಳಿ’ ಎಂಬ ಹೆಸರಿನಲ್ಲಿ ‘ಯಾವ ಹುಳಿ’ ಎಂಬ ಪ್ರಶ್ನೆ ಅಡಗಿತ್ತು. ‘ಸಾಂಬಾರ್’ ಎಂಬುದರಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಹುಳಿಯ ಸ್ಥಾನ ಹುಣಸೆಗೆ ಖಾಯಮಾಗಿ, ಅದು ಪೊಟ್ಟಣದಲ್ಲಿಯೂ ಬಾಟಲಿಯಲ್ಲಿಯೂ ವರ್ಷವಿಡೀ ಒಂದೇ ರುಚಿಯಲ್ಲಿ ದೊರೆಯತೊಡಗಿದ ಮೇಲೆ ಋತುವಿನೊಡನೆ ಹುಳಿ ಬದಲಾಗಬೇಕಾದ ಅಗತ್ಯವೂ ಕಡಿಮೆಯಾಗುತ್ತದೆ. ಸೌದೆಯ ಒಲೆ ಹೋಗಿ ಅನಿಲದ ಒಲೆ ಬಂದ ಮನೆಯಲ್ಲಿ ಉಪ್ಪಾಗೆಯನ್ನು ಒಣಗಿಸುವ ಅಟ್ಟವೂ ಇರುವುದಿಲ್ಲ. ಹೊಗೆಯಿಲ್ಲದ ಅಡುಗೆಮನೆ ಅಲ್ಲಿ ದುಡಿಯುವವರ ಆರೋಗ್ಯಕ್ಕೆ ಹಿತವಾದುದು. ಆ ಲಾಭದ ಜೊತೆಯಲ್ಲಿಯೇ ಈ ನಷ್ಟವೂ ಬಂದಿದೆ.

ಎರಡನೆಯದು ಮರದ ಕಡೆಯಿಂದ. 1990ರ ದಶಕದಲ್ಲಿ ಉಪ್ಪಾಗೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ದೇಹದ ತೂಕ ಇಳಿಸುವ ಪೂರಕವೆಂದು ಪಾಶ್ಚಾತ್ಯ ದೇಶಗಳಲ್ಲಿ ಮಾರತೊಡಗಿದರು. 1998ರಲ್ಲಿ ಅಮೆರಿಕದ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೂಕ ಇಳಿಸುವುದರಲ್ಲಿ ಅದಕ್ಕೂ ಹುಸಿಮಾತ್ರೆಗೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲವೆಂದು ತಿಳಿಸಿತು. ಅಷ್ಟರಲ್ಲಿ ಪಶ್ಚಿಮಘಟ್ಟದ ಕಾಡುಗಳಲ್ಲಿ ಉಪ್ಪಾಗೆಯ ಕೊಯ್ಲು ದೊಡ್ಡ ವ್ಯಾಪಾರವಾಗಿತ್ತು. ಪೈಪೋಟಿಯಿಂದ ಹಣ್ಣಾಗುವ ಮುನ್ನವೇ ಕಾಯಿ ಕೀಳುವುದು, ರೆಂಬೆ ಕಡಿಯುವುದು, ಸಿಪ್ಪೆ ಒಣಗಿಸಲು ಅಪಾರವಾಗಿ ಸೌದೆ ಉರಿಸುವುದು ಇವುಗಳ ಬಗ್ಗೆ ಉತ್ತರ ಕನ್ನಡದ ಶಿರಸಿ ಸೀಮೆಯಲ್ಲಿ ಅಧ್ಯಯನಗಳು ನಡೆದಿವೆ. ಅಟ್ಟದ ಮೇಲೆ ಮನೆಗೆ ಬೇಕಾದಷ್ಟು ಒಣಗುತ್ತಿದ್ದ ಹುಳಿ ಕ್ವಿಂಟಾಲಿನ ಲೆಕ್ಕದ ಸರಕಾದಾಗ ಮರಕ್ಕೂ ಮನೆಗೂ ಇದ್ದ ಸಂಬಂಧದ ಸ್ವರೂಪ ಬದಲಾಗುತ್ತದೆ. ಅನೇಕ ಬಡಕುಟುಂಬಗಳಿಗೆ ಈ ವ್ಯಾಪಾರ ಮಳೆಗಾಲದ ಆದಾಯವನ್ನು ಒದಗಿಸಿತೆಂಬುದನ್ನೂ ಮರೆಯುವಂತಿಲ್ಲ.

ದಾಖಲಾತಿಯ ಸ್ವರೂಪ

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸ ಸ್ಪಷ್ಟವಾಗಿದೆ. ಅಡುಗೆಯ ಪದಗಳನ್ನು ಸಂಗ್ರಹಿಸುವಾಗ ‘ಉಪ್ಪಾಗೆ: ಒಂದು ಬಗೆಯ ಹುಳಿಹಣ್ಣು’ ಎಂಬಷ್ಟಕ್ಕೆ ನಿಲ್ಲುವ ವಿವರಣೆ ಆ ಪದದ ಬದುಕನ್ನು ಹಿಡಿದಿಡಲಾರದು. ಮರ ಯಾವುದು, ಸುತ್ತಲಿನ ಭಾಷೆಗಳಲ್ಲಿ ಅದರ ಹೆಸರೇನು, ಯಾವ ತಿಂಗಳಲ್ಲಿ ಹಣ್ಣು, ಬಿಸಿಲಿನಲ್ಲೋ ಹೊಗೆಯಲ್ಲೋ ಒಣಗಿಸುವುದು, ಯಾವ ಪಾತ್ರೆಯಲ್ಲಿ ಇಡುವುದು, ಯಾವ ಪಾಕಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು, ಕುದಿಯುವ ಮೊದಲು ಹಾಕುವುದೋ ಆಮೇಲೋ, ಯಾವ ಸಮುದಾಯ ಯಾವ ಹೆಸರಿನಿಂದ ಬಳಸುತ್ತದೆ, ಅದಿಲ್ಲದಾಗ ಅದರ ಸ್ಥಾನಕ್ಕೆ ಏನು ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸೇರಿದಾಗ ಮಾತ್ರ ನಮೂದು ಪೂರ್ಣವಾಗುತ್ತದೆ. ಈ ಪ್ರಶ್ನೆಗಳಲ್ಲಿ ಕೊನೆಯದು ಎಲ್ಲಕ್ಕಿಂತ ಮುಖ್ಯ. ಉಪ್ಪಾಗೆ ಇಲ್ಲದಾಗ ವಾಟೆ, ವಾಟೆ ಇಲ್ಲದಾಗ ಮುರುಗಲು, ಯಾವುದೂ ಇಲ್ಲದಾಗ ಮಜ್ಜಿಗೆ ಎಂಬಂಥ ಬದಲಿಗಳ ಸರಣಿಯಲ್ಲಿಯೇ ಹುಳಿ ಒಂದು ವಸ್ತುವಲ್ಲ, ಸ್ಥಾನ ಎಂಬ ತಿಳಿವಳಿಕೆ ನೆಲೆಸಿದೆ.

ಇಂಥ ನಮೂದುಗಳನ್ನು ಸಿದ್ಧಪಡಿಸಲು ಸಸ್ಯಶಾಸ್ತ್ರ ವಿಭಾಗದ ನೆರವು, ಪ್ರಾದೇಶಿಕ ಭಾಷಾಪ್ರಭೇದಗಳ ಪರಿಚಯ, ಒಂದು ವರ್ಷದ ಋತುಚಕ್ರದುದ್ದಕ್ಕೂ ನಡೆಯುವ ಕ್ಷೇತ್ರಕಾರ್ಯ ಈ ಮೂರೂ ಬೇಕು. ಬೇಸಿಗೆಯ ರಜೆಯಲ್ಲಿ ಮಾತ್ರ ನಡೆಯುವ ಸಂಗ್ರಹಕ್ಕೆ ಮುರುಗಲು ದೊರೆಯಬಹುದು, ಉಪ್ಪಾಗೆ ದೊರೆಯುವುದಿಲ್ಲ. ಉಪ್ಪಾಗೆಯ ಪದಗಳು ಬೇಕಾದವರು ಆಷಾಢದ ಮಳೆಯಲ್ಲಿ, ಒಲೆಯ ಅಟ್ಟ ಇನ್ನೂ ಉಳಿದಿರುವ ಮನೆಗಳಿಗೆ ಹೋಗಬೇಕಾಗುತ್ತದೆ. ಅಂಥ ಮನೆಗಳು ಕಡಿಮೆಯಾಗುತ್ತಿರುವುದರಿಂದ ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ.